ಊದಿದ ಕಾಲಿನಿಂದ ಹಿಂದಕ್ಕೆ: ಮಂಡ್ಯದ ಮಕ್ಕಳೊಂದಿಗೆ ಪ್ಯಾಥೋಫಿಸಿಯಾಲಜಿ ಓದುವುದು

ನಾನು ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದಾಗ ಒಂದು ರಾತ್ರಿ ಪಾಳಿಯಲ್ಲಿ, ಹೃದಯ ವೈಫಲ್ಯದಿಂದ ದಾಖಲಾಗಿದ್ದ ಮಳವಳ್ಳಿ ಕಡೆಯ ಹಿರಿಯರೊಬ್ಬರು ದಿಂಬುಗಳಿಗೆ ಒರಗಿ ಕುಳಿತಲ್ಲೇ ತೂಕಡಿಸುತ್ತಿದ್ದುದನ್ನು ಕಂಡು, ನೆಟ್ಟಗೆ ಮಲಗಿ ನಿದ್ದೆಯನ್ನಾದರೂ ಮಾಡಲಿ ಎಂದುಕೊಂಡು ಮಂಚದ ತಲೆಭಾಗವನ್ನು ಇಳಿಸಿ, ಒಂದು ದಿಂಬನ್ನು ತೆಗೆದು, ಹೊದಿಕೆ ಸರಿಮಾಡಿ ಬಂದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅವರು ಎದ್ದು ಕುಳಿತು, ಎರಡೂ ಕೈಗಳನ್ನು ಮಂಚದ ಅಂಚಿಗೆ ಊರಿಕೊಂಡು, ಬಾಯಿ ತೆರೆದು ಉಸಿರಿಗಾಗಿ ಒದ್ದಾಡುತ್ತಿದ್ದರು. "ಉಸ್ರು ಕಟ್ತಾ ಅದೆ ಕಣವ್ವ" ಎಂಬ ಮಾತು ಎರಡು ತುಂಡಾಗಿ ಹೊರಬಂತು. ಹಿರಿಯ ಸ್ಟಾಫ್ ನರ್ಸ್ ಓಡಿ ಬಂದು ತಲೆಭಾಗವನ್ನು ಎತ್ತರಿಸಿ, ಅವರ ಕಾಲುಗಳನ್ನು ಮಂಚದಿಂದ ಕೆಳಗೆ ಇಳಿಬಿಟ್ಟು, ಆಕ್ಸಿಜನ್ ಹಚ್ಚಿ, ವೈದ್ಯರನ್ನು ಕರೆಸಿದರು. ಎಲ್ಲವೂ ತಹಬಂದಿಗೆ ಬಂದ ಮೇಲೆ ಆ ನರ್ಸ್ ನನ್ನನ್ನು ಬೈಯಲಿಲ್ಲ. "ಯಾಕೆ ಇಳಿಸಿದೆ ಅಂತ ಕೇಳಲ್ಲಮ್ಮ, ಯಾಕೆ ಇಳಿಸಬಾರದಾಗಿತ್ತು ಅಂತ ಹೇಳು" ಎಂದರು. ನನಗೆ ಹೇಳಲಾಗಲಿಲ್ಲ. ಅದಕ್ಕೆ ಒಂದು ವಾರದ ಹಿಂದೆ ನಡೆದ ಕಿರು ಪರೀಕ್ಷೆಯಲ್ಲಿ ಆರ್ಥೋಪ್ನಿಯಾ (ಮಲಗಿದಾಗ ಉಸಿರು ಕಟ್ಟುವುದು) ಎಂಬ ಪದಕ್ಕೆ ಅರ್ಥ ಬರೆದು ಎರಡಕ್ಕೆ ಎರಡು ಅಂಕ ಪಡೆದಿದ್ದೆ.

ಆ ರಾತ್ರಿ ನಡೆದದ್ದು ಇಷ್ಟು: ಮಲಗಿದೊಡನೆ ಕಾಲು ಮತ್ತು ಹೊಟ್ಟೆಯಲ್ಲಿ ನಿಂತಿದ್ದ ರಕ್ತ ಹೆಚ್ಚು ಪ್ರಮಾಣದಲ್ಲಿ ಹೃದಯದ ಬಲಭಾಗಕ್ಕೆ ಮರಳುತ್ತದೆ, ಬಲಭಾಗ ಅದನ್ನು ಶ್ವಾಸಕೋಶಕ್ಕೆ ತಳ್ಳುತ್ತದೆ, ಸೋತಿರುವ ಎಡಭಾಗಕ್ಕೆ ಅದನ್ನು ಮುಂದಕ್ಕೆ ಸಾಗಿಸುವ ಶಕ್ತಿ ಇಲ್ಲ, ಆದ್ದರಿಂದ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಲ್ಲಿ ಒತ್ತಡ ಏರಿ ನೀರು ಗಾಳಿಗೂಡುಗಳ ಕಡೆಗೆ ಜಿನುಗುತ್ತದೆ. ಈ ವಾಕ್ಯ ಅಂದು ನನ್ನ ತಲೆಯಲ್ಲಿ ಇದ್ದಿದ್ದರೆ ನನ್ನ ಕೈ ದಿಂಬಿನ ಮೇಲೆ ಹೋಗುತ್ತಿರಲಿಲ್ಲ. ಕಾಲುಗಳನ್ನು ಇಳಿಬಿಟ್ಟದ್ದು ಏಕೆಂಬುದೂ ಇದೇ ವಾಕ್ಯದಲ್ಲಿದೆ. ರೋಗ ದೇಹದ ಕೆಲಸವನ್ನು ಹೇಗೆ ಕೆಡಿಸುತ್ತದೆ ಎಂದು ಹೀಗೆ ಹೆಜ್ಜೆಹೆಜ್ಜೆಯಾಗಿ ಹೇಳುವ ವಿಷಯವೇ ಪ್ಯಾಥೋಫಿಸಿಯಾಲಜಿ.

ಈಗ ಮೈಸೂರಿನಿಂದ ದಿನವೂ ಮಂಡ್ಯಕ್ಕೆ ಬಂದು ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದೇನೆ. ಪ್ರತಿ ವರ್ಷ ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಮದ್ದೂರು ಕಡೆಗಳಿಂದ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದ ಮಕ್ಕಳು ಬರುತ್ತಾರೆ. ಅವರಲ್ಲಿ ಬಹುತೇಕರು ಚುರುಕಿನವರು, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡು ಕೈ ಪಳಗಿದವರು. ಆದರೆ ಇಂಗ್ಲಿಷಿನ ದಪ್ಪ ಪುಸ್ತಕ ಎದುರಿಗೆ ಬಂದೊಡನೆ ಅರ್ಥಮಾಡಿಕೊಳ್ಳುವುದನ್ನು ಬಿಟ್ಟು ಉರು ಹೊಡೆಯಲು ತೊಡಗುತ್ತಾರೆ. ರೋಗದ ಹೆಸರು, ಅದರ ಕೆಳಗೆ ಕಾರಣಗಳು, ಅದರ ಕೆಳಗೆ ಲಕ್ಷಣಗಳು, ಅದರ ಕೆಳಗೆ ಚಿಕಿತ್ಸೆ: ನಾಲ್ಕು ಪಟ್ಟಿಗಳು, ಒಂದಕ್ಕೊಂದು ಸಂಬಂಧವೇ ಇಲ್ಲದಂತೆ. ರೋಗಿ ಮಾತ್ರ ಪಟ್ಟಿಯ ಮೇಲಿನಿಂದ ಬರುವುದಿಲ್ಲ. ಊದಿದ ಕಾಲು, ಏದುಸಿರು, ಒಣಗಿದ ನಾಲಿಗೆ, ತಣ್ಣಗಾದ ಅಂಗೈ ಇವುಗಳನ್ನು ಹೊತ್ತು ಬರುತ್ತಾನೆ. ಅಲ್ಲಿಂದ ಹಿಂದಕ್ಕೆ ಹೆಜ್ಜೆಹೆಜ್ಜೆಯಾಗಿ ನಡೆದು ಕಾರಣವನ್ನು ಮುಟ್ಟುವುದನ್ನು, ಅದನ್ನೂ ಮೊದಲು ತಮ್ಮ ಮನೆಮಾತಿನಲ್ಲಿ ನಡೆಯುವುದನ್ನು ಕಲಿತರೆ ಮಾತ್ರ ಈ ವಿಷಯ ಕೈಗೆ ಹತ್ತುತ್ತದೆ ಎಂಬುದು ನನ್ನ ಅನುಭವ.

ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್‌ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಆರೋಗ್ಯ ಮತ್ತು ಅನಾರೋಗ್ಯದ ಪರಿಕಲ್ಪನೆಗಳು ಮೊದಲ ಸೆಮಿಸ್ಟರಿನಲ್ಲಿ ಬರುತ್ತವೆ. ಪೆಥಾಲಜಿ, ಎಂದರೆ ರೋಗವಿಜ್ಞಾನ, ಬರುವುದು ಮೂರನೆಯ ಮತ್ತು ನಾಲ್ಕನೆಯ ಸೆಮಿಸ್ಟರುಗಳಲ್ಲಿ. ಮೊದಲನೆಯದನ್ನು ವಿದ್ಯಾರ್ಥಿಗಳು ಸುಲಭದ ಅಂಕಗಳೆಂದು ಓದಿ ಮರೆಯುತ್ತಾರೆ, ಎರಡನೆಯದನ್ನು ಕಷ್ಟದ ಅಂಕಗಳೆಂದು ಹೆದರುತ್ತಾರೆ. ಎರಡೂ ಒಂದೇ ಪ್ರಶ್ನೆಯ ಎರಡು ತುದಿಗಳು ಎಂದು ಹೇಳುವವರು ಇಲ್ಲವಾದರೆ ನಡುವಿನ ಒಂದು ವರ್ಷದಲ್ಲಿ ಎಳೆ ಕಡಿದುಹೋಗುತ್ತದೆ. ಆದ್ದರಿಂದ ಮೂರನೆಯ ಸೆಮಿಸ್ಟರಿನ ಮಕ್ಕಳಿಗೂ ನಾನು ಮತ್ತೆ ಮೊದಲಿನ ಪಾಠದಿಂದಲೇ ಆರಂಭಿಸುತ್ತೇನೆ.

ಆರೋಗ್ಯ ಎಂಬ ನಮ್ಮ ಪದವೇ ಒಂದು ವ್ಯಾಖ್ಯಾನ: ರೋಗ ಇಲ್ಲದಿರುವುದು. ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ, 1948ರ ಏಪ್ರಿಲ್ 7ರಂದು ಜಾರಿಗೆ ಬಂದದ್ದು, ಹೇಳುವುದು ಇದಕ್ಕೆ ನೇರ ಎದುರಿನದನ್ನು. ಆರೋಗ್ಯವೆಂದರೆ ಕೇವಲ ರೋಗ ಅಥವಾ ದೌರ್ಬಲ್ಯ ಇಲ್ಲದಿರುವುದಲ್ಲ, ದೈಹಿಕ, ಮಾನಸಿಕ ಮತ್ತು ಸಾಮಾಜಿಕವಾಗಿ ಸಂಪೂರ್ಣ ನೆಮ್ಮದಿಯ ಸ್ಥಿತಿ. ನಮ್ಮಲ್ಲೇ ಇನ್ನೊಂದು ಪದವಿದೆ, ಸ್ವಸ್ಥ. ತನ್ನಲ್ಲಿ ತಾನು ನೆಲೆಸಿರುವವನು ಎಂಬ ಅರ್ಥದ ಈ ಪದ ವ್ಯಾಖ್ಯಾನಕ್ಕೆ ಹೆಚ್ಚು ಹತ್ತಿರವಾಗಿದೆ ಎಂದು ನನಗೆ ಅನ್ನಿಸುತ್ತದೆ. ಸಂಪೂರ್ಣ ಎಂಬ ವಿಶೇಷಣದ ಬಗ್ಗೆ ಹಲವರು ಎತ್ತಿರುವ ಆಕ್ಷೇಪ ನನ್ನದೂ ಹೌದು: ಆ ಅಳತೆಗೋಲಿನಲ್ಲಿ ಅಳೆದರೆ ಮಧುಮೇಹವನ್ನು ಇಪ್ಪತ್ತು ವರ್ಷ ಹದ್ದುಬಸ್ತಿನಲ್ಲಿಟ್ಟುಕೊಂಡು, ದಿನವೂ ಹೊಲಕ್ಕೆ ಹೋಗಿ, ಮೊಮ್ಮಕ್ಕಳನ್ನು ಎತ್ತಿ ಆಡಿಸುವ ಅಜ್ಜಿಗೆ ಆರೋಗ್ಯವೇ ಇಲ್ಲವೆಂದಾಗುತ್ತದೆ. ಆರೋಗ್ಯ ಮತ್ತು ಅನಾರೋಗ್ಯಗಳು ಒಂದೇ ದಾರಿಯ ಎರಡು ತುದಿಗಳು, ಮನುಷ್ಯ ದಿನದಿನಕ್ಕೆ ಅದರ ಮೇಲೆ ಆಚೆ ಈಚೆ ಸರಿಯುತ್ತಿರುತ್ತಾನೆ ಎಂಬ ನಿರಂತರತೆಯ ಮಾದರಿ ವಾರ್ಡಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ರೋಗ ಬೇರೆ, "ಹುಷಾರಿಲ್ಲ" ಎಂಬ ಅನುಭವ ಬೇರೆ ಎಂಬುದನ್ನು ತಿಳಿಯಲು ಹೊರರೋಗಿ ವಿಭಾಗದಲ್ಲಿ ಒಂದು ಬೆಳಿಗ್ಗೆ ನಿಂತರೆ ಸಾಕು, ಪುಸ್ತಕ ಬೇಕಾಗುವುದಿಲ್ಲ. ಪತ್ನಿಯ ಜೊತೆಗೆಂದು ಬಂದ ರೈತರೊಬ್ಬರ ರಕ್ತದೊತ್ತಡವನ್ನು ವಿದ್ಯಾರ್ಥಿನಿ ಸುಮ್ಮನೆ ನೋಡಿದಾಗ 180/110 ಇತ್ತು. ಕುಳ್ಳಿರಿಸಿ ಮತ್ತೆ ನೋಡಿದರೂ ಅಷ್ಟೇ ಇತ್ತು. "ನಂಗೇನಾಗದೆ ಅಂತ ಮಾತ್ರೆ ನುಂಗ್ಲವ್ವ? ಬೆಳಿಗ್ಗೆಯಿಂದ ಕಬ್ಬು ಕಡ್ದು ಬಂದಿವ್ನಿ" ಎಂದು ಅವರು ಕೇಳಿದರು. ಅವರಿಗೆ ರೋಗ ಇತ್ತು, ಕಾಯಿಲೆಯ ಅನುಭವ ಇರಲಿಲ್ಲ. ಇದೇ ಕಾರಣಕ್ಕೆ ಒಳಗೆ ಏನು ನಡೆಯುತ್ತಿದೆ ಎಂಬುದನ್ನು, ಎಂದರೆ ಹೆಚ್ಚಿದ ಒತ್ತಡದ ವಿರುದ್ಧ ದುಡಿದು ಹೃದಯದ ಎಡಗೋಡೆ ದಪ್ಪವಾಗುವುದನ್ನು, ಕಿಡ್ನಿಯ ಸೋಸುವ ನಾಳಗಳು ನಿಧಾನವಾಗಿ ಗಟ್ಟಿಯಾಗುವುದನ್ನು, ಅವರ ಮಾತಿನಲ್ಲಿ ಹೇಳಲು ನರ್ಸಿಗೆ ಬರಬೇಕು. ಕಬ್ಬು ಕಡಿಯುವವರ ತೋಳಿನ ಸ್ನಾಯು ದುಡಿತದಿಂದ ದಪ್ಪವಾಗುವುದನ್ನು ಅವರು ಕಂಡಿದ್ದಾರೆ. ಹೃದಯಕ್ಕೂ ಹಾಗೇ ಆಗುತ್ತದೆ, ಆದರೆ ದಪ್ಪವಾದ ಹೃದಯ ಬಿಗಿಯಾಗಿ, ಅದರೊಳಗೆ ರಕ್ತ ಸಲೀಸಾಗಿ ತುಂಬುವುದಿಲ್ಲ ಎಂದು ಹೇಳಿದಾಗ ಅವರು ಮಾತ್ರೆಯ ಚೀಟಿಯನ್ನು ಜೇಬಿಗೆ ಇಟ್ಟುಕೊಂಡರು.

ದೇಹದ ಒಳಗಿನ ಪರಿಸರವನ್ನು ಒಂದು ಮಿತಿಯೊಳಗೆ ಕಾಯ್ದುಕೊಳ್ಳುವ ಈ ನಿರಂತರ ಹೊಂದಾಣಿಕೆಯ ಕಲ್ಪನೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಶರೀರಶಾಸ್ತ್ರಜ್ಞ ಕ್ಲೋಡ್ ಬರ್ನಾರ್ಡ್ ಕೊಟ್ಟರು. ಅದಕ್ಕೆ ಹೋಮಿಯೋಸ್ಟಾಸಿಸ್ ಎಂಬ ಹೆಸರನ್ನು 1920ರ ದಶಕದಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಇಟ್ಟರು. ಹೆಸರುಗಳು ನೆನಪಿರದಿದ್ದರೂ ಚಿಂತೆಯಿಲ್ಲ. ನಾವು ಲಕ್ಷಣ ಎಂದು ಬರೆದುಕೊಳ್ಳುವ ಎಷ್ಟೋ ಸಂಗತಿಗಳು ರೋಗವು ಮಾಡಿದ ಹಾನಿಯಲ್ಲ, ಹಾನಿಯನ್ನು ಸರಿದೂಗಿಸಲು ದೇಹ ಮಾಡುತ್ತಿರುವ ಪ್ರಯತ್ನ ಎಂಬುದು ಮಾತ್ರ ನೆನಪಿರಬೇಕು. ಹೆರಿಗೆಯಾದ ತಾಯಿಗೆ ರಕ್ತ ಹೋಗುತ್ತಿದೆ ಎಂದುಕೊಳ್ಳಿ. ರಕ್ತದೊತ್ತಡ 110/70 ಇದೆ ಎಂದು ಬರೆದು ನೆಮ್ಮದಿಯಿಂದ ಮುಂದಿನ ಮಂಚಕ್ಕೆ ಹೋಗುವ ವಿದ್ಯಾರ್ಥಿನಿ, ಆ ಸಂಖ್ಯೆಯನ್ನು ಹಿಡಿದು ನಿಲ್ಲಿಸಲು ಹೃದಯ ನಿಮಿಷಕ್ಕೆ 120 ಬಾರಿ ಬಡಿಯುತ್ತಿದೆ, ಚರ್ಮದ ರಕ್ತನಾಳಗಳು ಬಿಗಿದುಕೊಂಡು ಅಂಗೈ ತಣ್ಣಗಾಗಿದೆ ಎಂಬುದನ್ನು ಗಮನಿಸಿರುವುದಿಲ್ಲ. ದೇಹದ ರಕ್ತದ ಸುಮಾರು ಶೇ. 30ರಷ್ಟು ಹೋಗುವವರೆಗೂ ಮೇಲಿನ ಒತ್ತಡ (110/70ರಲ್ಲಿ ಮೊದಲ ಅಂಕಿ) ಕುಸಿಯದೆ ನಿಲ್ಲಬಹುದು. ಬಸುರಿಯಲ್ಲಿ ರಕ್ತದ ಪ್ರಮಾಣವೇ ಹೆಚ್ಚಿರುವುದರಿಂದ ಹೆರಿಗೆಯ ಹೊತ್ತಿನಲ್ಲಿ ಈ ಮೋಸ ಇನ್ನೂ ಹೆಚ್ಚು. ಒತ್ತಡ ಕುಸಿದಾಗ ಕಾಣುವುದು ಸುದ್ದಿಯಲ್ಲ, ಸೋಲು. ಸುದ್ದಿ ನಾಡಿಯಲ್ಲಿ ಮೊದಲೇ ಬಂದಿತ್ತು. ನಾಡಿಯನ್ನು ಯಂತ್ರದಲ್ಲಿ ಓದದೆ ಬೆರಳಿನಿಂದಲೇ ಒಂದು ನಿಮಿಷ ಪೂರ್ತಿ ಎಣಿಸಿ ಎಂದು ನಾನು ಹಠ ಹಿಡಿಯುವುದು ಇದಕ್ಕೇ. ಬೆರಳಿಟ್ಟಾಗ ಚರ್ಮದ ತಂಪು ಮತ್ತು ಬೆವರು ತಾನಾಗಿ ತಿಳಿಯುತ್ತದೆ.

ಊತದ ಪಾಠ ಮಾಡುವ ದಿನ ನಾನು ಹಲಗೆಯ ಮೇಲೆ ಮೊದಲು ಬರೆಯುವ ಚಿತ್ರ ಹೃದಯದ್ದಲ್ಲ, ವಿಶ್ವೇಶ್ವರಯ್ಯ ನಾಲೆಯದು. ತರಗತಿಯ ಅರ್ಧದಷ್ಟು ಮಕ್ಕಳು ನಾಲೆ ಬಯಲಿನ ಹಳ್ಳಿಗಳವರು; ತೂಬು, ಸೀಳುನಾಲೆ, ಬಸಿಗಾಲುವೆ ಎಂಬ ಮಾತುಗಳನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಲೆಯ ಪಕ್ಕದ ಗದ್ದೆಯಲ್ಲಿ ಬಿಟ್ಟೂಬಿಡದೆ ನೀರು ನಿಂತಿದೆ, ಏಕಿರಬಹುದು ಎಂದು ಕೇಳುತ್ತೇನೆ. ಕೆಳಗೆಲ್ಲೋ ಕಸ ಕಟ್ಟಿಕೊಂಡು ನೀರು ಹಿಂದಕ್ಕೆ ಏರಿರಬಹುದು ಎನ್ನುತ್ತಾನೆ ಒಬ್ಬ. ನಾಲೆಯ ಗೋಡೆ ಬಿರುಕುಬಿಟ್ಟು ಸೋರುತ್ತಿರಬಹುದು ಎನ್ನುತ್ತಾಳೆ ಇನ್ನೊಬ್ಬಳು. ಬಸಿಗಾಲುವೆ ಹೂಳು ತುಂಬಿ ಮುಚ್ಚಿಹೋಗಿದ್ದರೂ ಹಾಗಾಗುತ್ತದೆ ಎನ್ನುತ್ತಾನೆ ಮತ್ತೊಬ್ಬ. ಪುಸ್ತಕ ತೆರೆಯುವ ಮೊದಲೇ ಅವರು ಊತದ ನಾಲ್ಕು ಮುಖ್ಯ ಕಾರಣಗಳಲ್ಲಿ ಮೂರನ್ನು ಹೇಳಿ ಮುಗಿಸಿರುತ್ತಾರೆ: ಹೃದಯ ಸೋತಾಗ ಅಭಿಧಮನಿಗಳಲ್ಲಿ ಒತ್ತಡ ಹಿಂದಕ್ಕೆ ಏರುವುದು, ಸೋಂಕು ಅಥವಾ ಸುಟ್ಟಗಾಯದಲ್ಲಿ ಸೂಕ್ಷ್ಮನಾಳದ ಗೋಡೆ ಸಡಿಲವಾಗುವುದು, ಆನೆಕಾಲು ರೋಗದಲ್ಲಿ ದುಗ್ಧನಾಳ, ಎಂದರೆ ರಕ್ತನಾಳದ ಹೊರಗೆ ಉಳಿದ ನೀರನ್ನು ಬಸಿದೊಯ್ಯುವ ನಾಳ, ಮುಚ್ಚಿಹೋಗುವುದು.

ನಾಲ್ಕನೆಯ ಕಾರಣಕ್ಕೆ ನಾಲೆಯಲ್ಲಿ ಹೋಲಿಕೆ ಸಿಗುವುದಿಲ್ಲ, ಅದನ್ನು ಹಾಗೆಂದೇ ಹೇಳಬೇಕು. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು ನೀರನ್ನು ನಾಳದೊಳಗೆ ಹಿಡಿದಿಡುತ್ತದೆ. ನಾಳದೊಳಗಿನ ಒತ್ತಡ ನೀರನ್ನು ಹೊರಗೆ ನೂಕುತ್ತದೆ, ಪ್ರೋಟೀನು ಒಳಗೆ ಎಳೆಯುತ್ತದೆ, ಈ ಎರಡರ ಜಗ್ಗಾಟದಲ್ಲಿ ಎಷ್ಟು ನೀರು ಹೊರಗೆ ಉಳಿಯುತ್ತದೆ ಎಂಬುದು ನಿರ್ಧಾರವಾಗುತ್ತದೆ ಎಂದು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗ್ 1896ರಲ್ಲಿ ತೋರಿಸಿಕೊಟ್ಟರು. ಪಿತ್ತಜನಕಾಂಗ ಕೆಟ್ಟು ಆಲ್ಬುಮಿನ್ ತಯಾರಾಗದಿದ್ದರೂ, ಕಿಡ್ನಿಯ ಜರಡಿ ಹರಿದು ಅದು ಮೂತ್ರದಲ್ಲಿ ಹೊರಟುಹೋದರೂ ಒಳಗಿನ ಎಳೆತ ತಗ್ಗಿ ಮೈ ಊದುತ್ತದೆ. ಪ್ರತಿ ಡೆಸಿಲೀಟರಿಗೆ 3.5ರಿಂದ 5 ಗ್ರಾಂ ಇರಬೇಕಾದ ಆಲ್ಬುಮಿನ್ ಲ್ಯಾಬ್ ವರದಿಯಲ್ಲಿ 2 ಎಂದು ಕಂಡಾಗ, ಆ ಅಂಕಿಯನ್ನೂ ಮಗುವಿನ ಬೆಳಗಿನ ಊದಿದ ಕಣ್ಣುರೆಪ್ಪೆಯನ್ನೂ ಒಟ್ಟಿಗೆ ನೋಡುವ ಅಭ್ಯಾಸ ಆಗಬೇಕು.

ಹೃದಯ ವೈಫಲ್ಯದಲ್ಲಿ ವಿದ್ಯಾರ್ಥಿಗಳು ಎಡವುವುದು ಇನ್ನೊಂದು ಕಡೆ. ಮೈಯೆಲ್ಲ ನೀರು ತುಂಬಿರುವಾಗ ಕಿಡ್ನಿ ಏಕೆ ನೀರನ್ನು ಹೊರಗೆ ಹಾಕುವುದಿಲ್ಲ, ಬದಲಿಗೆ ಇನ್ನಷ್ಟು ಉಪ್ಪನ್ನೂ ನೀರನ್ನೂ ಏಕೆ ಹಿಡಿದಿಟ್ಟುಕೊಳ್ಳುತ್ತದೆ? ಇಲ್ಲಿ ನಾಲೆ ಮತ್ತೆ ಕೈಹಿಡಿಯುತ್ತದೆ. ನಾಲೆಯ ಕೊನೆ ಭಾಗದ ಮದ್ದೂರು, ಮಳವಳ್ಳಿ ರೈತರಿಗೆ ನೀರು ತಲುಪಿಲ್ಲವೆಂಬ ಕೂಗು ಬಂದರೆ ಮೇಲಿನಿಂದ ಹೆಚ್ಚು ನೀರು ಬಿಡುತ್ತಾರೆ. ನಡುವೆ ನಾಲೆ ಕಟ್ಟಿಕೊಂಡಿದ್ದರೆ ಆ ಹೆಚ್ಚುವರಿ ನೀರು ಕೊನೆಗೆ ತಲುಪದೆ ನಡುವಿನ ಗದ್ದೆಗಳನ್ನೇ ಮುಳುಗಿಸುತ್ತದೆ. ಸೋತ ಹೃದಯ ಕಿಡ್ನಿಗೆ ಸಾಕಷ್ಟು ರಕ್ತವನ್ನು ತಲುಪಿಸುತ್ತಿಲ್ಲ. ಕಿಡ್ನಿಗೆ ತಿಳಿಯುವುದು ಅದೊಂದೇ. ದೇಹದಲ್ಲಿ ನೀರಿನ ಬರ ಬಂದಿದೆ ಎಂದೇ ಅದು ರೆನಿನ್ ಎಂಬ ರಾಸಾಯನಿಕ ಸಂಕೇತವನ್ನು ಬಿಡುಗಡೆ ಮಾಡುತ್ತದೆ, ಅದರಿಂದ ಆಂಜಿಯೋಟೆನ್ಸಿನ್, ಅದರಿಂದ ಆಲ್ಡೋಸ್ಟಿರೋನ್ ಎಂಬ ಹಾರ್ಮೋನು, ಅದರಿಂದ ಉಪ್ಪು, ಉಪ್ಪಿನ ಬೆನ್ನಿಗೆ ನೀರು. ರಕ್ಷಣೆಗೆಂದು ಇರುವ ವ್ಯವಸ್ಥೆಯೇ ರೋಗವನ್ನು ಬೆಳೆಸುತ್ತದೆ. ಊಟದಲ್ಲಿ ಉಪ್ಪು ಏಕೆ ಕಡಿಮೆ, ಮೂತ್ರ ಹೆಚ್ಚಿಸುವ ಫ್ಯೂರೋಸಮೈಡ್ ಏಕೆ, ರಕ್ತದೊತ್ತಡ ತಗ್ಗಿಸುವ ಎನಾಲಪ್ರಿಲ್ ಯಾವ ಕೊಂಡಿಯನ್ನು ಕತ್ತರಿಸುತ್ತದೆ ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಈ ಒಂದೇ ಸರಪಳಿಯಲ್ಲಿದೆ. ಇದನ್ನು ಅರಿತ ಹುಡುಗಿ ಔಷಧಶಾಸ್ತ್ರದ ಪರೀಕ್ಷೆಗೆ ಬೇರೆಯಾಗಿ ಉರು ಹೊಡೆಯುವುದಿಲ್ಲ.

ಪಾಠವಾದ ಮೇಲೆ ವಾರ್ಡಿಗೆ ಕರೆದೊಯ್ಯುತ್ತೇನೆ. ಹೆಬ್ಬೆರಳಿನಿಂದ ಕಣಕಾಲಿನ ಮುಂದಿನ ಎಲುಬಿನ ಮೇಲೆ ಐದು ಸೆಕೆಂಡಿಗೆ ಕಡಿಮೆಯಿಲ್ಲದಂತೆ ಒತ್ತಿ ಹಿಡಿದು ಬೆರಳು ತೆಗೆಯಬೇಕು, ಕಣ್ಣಿನಿಂದ ನೋಡಿದ ಮೇಲೆ ಆ ಜಾಗದ ಮೇಲೆ ಬೆರಳಾಡಿಸಿಯೂ ನೋಡಬೇಕು. ಕಪ್ಪು ಚರ್ಮದ ಮೇಲೆ ಆಳವಿಲ್ಲದ ಕುಳಿ ಕಣ್ಣಿಗೆ ತಪ್ಪಿಸಿಕೊಂಡರೂ ಬೆರಳಿಗೆ ಸಿಗುತ್ತದೆ. ಹಾಸಿಗೆ ಹಿಡಿದವರಲ್ಲಿ ಕಾಲನ್ನಷ್ಟೇ ನೋಡಿ ಊತವಿಲ್ಲ ಎಂದು ಬರೆಯಬಾರದು, ಮಗ್ಗುಲಿಗೆ ತಿರುಗಿಸಿ ಸೊಂಟದ ಹಿಂಭಾಗವನ್ನು ಒತ್ತಿ ನೋಡಬೇಕು, ಏಕೆಂದರೆ ನೀರು ತಗ್ಗಿರುವಲ್ಲಿ ನಿಲ್ಲುತ್ತದೆ. ಇನ್ನೊಂದು ಮಾತನ್ನು ನಾನು ಪ್ರತಿ ತಂಡಕ್ಕೂ ಹೇಳುತ್ತೇನೆ: ಕುಳಿ ಬೀಳುವ ಹೊತ್ತಿಗೆ ಎರಡು ಮೂರು ಲೀಟರ್ ನೀರು ಆಗಲೇ ಸೇರಿರುತ್ತದೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ ತೂಕ. ಆದ್ದರಿಂದ ಬೆರಳಿಗಿಂತ ಮೊದಲು ತೂಕದ ಯಂತ್ರ ಸತ್ಯ ಹೇಳುತ್ತದೆ, ದಿನವೂ ಬೆಳಿಗ್ಗೆ ಮೂತ್ರ ಮಾಡಿಬಂದ ಮೇಲೆ, ತಿಂಡಿಗೆ ಮುನ್ನ, ಅದೇ ಯಂತ್ರದ ಮೇಲೆ, ಅಷ್ಟೇ ಬಟ್ಟೆಯಲ್ಲಿ ನಿಲ್ಲಿಸಿದರೆ.

ಕಾರಣ ಮತ್ತು ಪರಿಣಾಮ ತಲೆಕೆಳಗಾದರೆ ಆಗುವ ಅನಾಹುತವನ್ನು ಸಕ್ಕರೆ ಕಾಯಿಲೆಯಲ್ಲಿ ಕಂಡಿದ್ದೇನೆ. "ನೀರು ಕುಡಿಯೋದ್ನ ಕಮ್ಮಿ ಮಾಡ್ಸಿವಿ ಸಿಸ್ಟರ್, ರಾತ್ರಿಯೆಲ್ಲ ಎದ್ದೆದ್ದು ಹೋಗೋದು ತಪ್ಲಿ ಅಂತ" ಎಂದು ಸೊಸೆಯೊಬ್ಬರು ಅತ್ತೆಯ ಬಗ್ಗೆ ಕಾಳಜಿಯಿಂದಲೇ ಹೇಳಿದರು. ಅತ್ತೆಯ ನಾಲಿಗೆ ಒಣಗಿ ಮರದ ತುಂಡಿನಂತಾಗಿತ್ತು. ಅವರು ನೀರು ಕುಡಿದದ್ದರಿಂದ ಮೂತ್ರ ಹೆಚ್ಚಾದದ್ದಲ್ಲ, ಮೂತ್ರ ಹೆಚ್ಚಾದದ್ದರಿಂದ ನೀರು ಕುಡಿಯುತ್ತಿದ್ದರು. ರಕ್ತದ ಸಕ್ಕರೆ ಪ್ರತಿ ಡೆಸಿಲೀಟರಿಗೆ ಸುಮಾರು 180 ಮಿ.ಗ್ರಾಂ. ದಾಟಿದರೆ ಕಿಡ್ನಿಗೆ ಅದನ್ನೆಲ್ಲ ಮರಳಿ ಹೀರಿಕೊಳ್ಳಲಾಗುವುದಿಲ್ಲ, ಮೂತ್ರಕ್ಕೆ ಹೋದ ಸಕ್ಕರೆ ತನ್ನ ಜೊತೆ ನೀರನ್ನು ಎಳೆದೊಯ್ಯುತ್ತದೆ, ರಕ್ತ ಗಟ್ಟಿಯಾಗಿ ಬಾಯಾರುತ್ತದೆ. ಅತಿಮೂತ್ರ, ಅತಿದಾಹ, ಅತಿಹಸಿವು ಎಂದು ಮೂರನ್ನು ಒಂದೇ ಉಸಿರಿಗೆ ಒಪ್ಪಿಸುವ ವಿದ್ಯಾರ್ಥಿಗಳನ್ನು, ಯಾವುದು ಮೊದಲು, ಯಾವುದು ಅದರಿಂದ ಎಂದು ಕೇಳಿದರೆ ಅನೇಕರು ತಡವರಿಸುತ್ತಾರೆ. ಆ ಕ್ರಮ ಗೊತ್ತಿದ್ದವಳು ಆ ಸೊಸೆಗೆ ಎರಡು ನಿಮಿಷದಲ್ಲಿ ತಿಳಿಹೇಳಬಲ್ಲಳು.

ರೋಗಕಾರಕ, ಆತಿಥೇಯ (ರೋಗ ತಗಲುವ ವ್ಯಕ್ತಿ), ಪರಿಸರ ಎಂಬ ತ್ರಿಕೋನವನ್ನು ಹೇಳಿಕೊಡಲು ಮಂಡ್ಯದವರು ದೂರ ಹೋಗಬೇಕಾಗಿಲ್ಲ. ಆಗ ಇರ್ವಿನ್ ನಾಲೆ ಎಂದು ಕರೆಯುತ್ತಿದ್ದ ಇದೇ ನಾಲೆಯಲ್ಲಿ 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ಹರಿದು ಬಂದಾಗ ಬತ್ತ ಕಬ್ಬುಗಳ ಜೊತೆಗೆ ಮಲೇರಿಯಾವೂ ಈ ಬಯಲಿಗೆ ಹರಡಿತು. ಪರಾವಲಂಬಿ ಬದಲಾಗಿರಲಿಲ್ಲ, ಜನರೂ ಬದಲಾಗಿರಲಿಲ್ಲ. ಸೊಳ್ಳೆಗೆ ನಿಂತ ನೀರು ದೊರೆತಿತ್ತು.

ಕನ್ನಡದಲ್ಲಿ ಕಲಿಯಿರಿ ಎಂದರೆ ಇಂಗ್ಲಿಷನ್ನು ಬಿಡಿ ಎಂದಲ್ಲ. ಕೇಸ್ ಶೀಟ್ ಇರುವುದು ಇಂಗ್ಲಿಷಿನಲ್ಲಿ, ರಾತ್ರಿ ಎರಡು ಗಂಟೆಗೆ ವೈದ್ಯರಿಗೆ ಫೋನಿನಲ್ಲಿ ಹೇಳಬೇಕಾದದ್ದೂ ಆ ಪದಗಳಲ್ಲೇ, ಅಲ್ಲಿ ತಪ್ಪಿದರೆ ರೋಗಿಗೆ ಕುತ್ತು. ನನ್ನ ವಿದ್ಯಾರ್ಥಿಗಳು ನೋಟ್‌ಬುಕ್ಕಿನ ಪುಟವನ್ನು ಹೀಗೆ ಬಳಸುತ್ತಾರೆ: ಮೇಲೆ ರೋಗಿ ಆಡಿದ ಮಾತು ಅವರದೇ ನುಡಿಯಲ್ಲಿ, ಅದರ ಕೆಳಗೆ "ಏಕೆ" ಎಂದು ಕೇಳಿಕೊಂಡು ಬಾಣದ ಗುರುತಿನಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಕನ್ನಡದಲ್ಲಿ, ಪ್ರತಿ ಹೆಜ್ಜೆಯ ಪಕ್ಕದಲ್ಲಿ ಅದರ ವೈದ್ಯಕೀಯ ಪದ. ಎಲ್ಲಿ ಬಾಣ ಎಳೆಯಲು ಆಗುವುದಿಲ್ಲವೋ ಆ ಜಾಗವನ್ನು ಖಾಲಿ ಬಿಡಬೇಕು. ಖಾಲಿ ಜಾಗವಿರುವ ಪುಟಕ್ಕೆ ನಾನು ಅಂಕ ಕಡಿಮೆ ಮಾಡುವುದಿಲ್ಲ. ಮರುದಿನದ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.

ಕಳೆದ ತಿಂಗಳು ನಾಲ್ಕನೆಯ ಸೆಮಿಸ್ಟರಿನ ಹುಡುಗಿಯೊಬ್ಬಳು ತನ್ನ ಪುಟವನ್ನು ತಂದು ತೋರಿಸಿದಳು. ಹೃದಯ ವೈಫಲ್ಯದ ತಾಯಿಯೊಬ್ಬರು, ಕಾಲಿನಲ್ಲಿ ಊತವಿಲ್ಲ, ಉಸಿರಿಗೆ ತೊಂದರೆಯಿಲ್ಲ, ಎರಡು ದಿನದಲ್ಲಿ ತೂಕ 52ರಿಂದ 53.6 ಕಿಲೋಗೆ ಏರಿದೆ. ಪುಟದ ಮೇಲೆ ಆ ತಾಯಿಯ ಮಾತು ಇತ್ತು: "ರಾತ್ರಿ ಇನ್ನೊಂದು ದಿಂಬು ಕೇಳಿ ಈಸ್ಕೊಂಡೆ ಕಣವ್ವ, ಯಾಕೋ ಹಂಗೇ ಮಲೀಕಳಕಾಗ್ಲಿಲ್ಲ." ಅದರ ಕೆಳಗೆ ಐದು ಬಾಣಗಳಿದ್ದವು, ಒಂದೂ ಖಾಲಿ ಇರಲಿಲ್ಲ. ಕರ್ತವ್ಯದಲ್ಲಿದ್ದ ವೈದ್ಯರಿಗೆ ಆಗಲೇ ತಿಳಿಸಿದ್ದಳು, ಅವರು ಬಂದು ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ ಫ್ಯೂರೋಸಮೈಡ್ ಪ್ರಮಾಣವನ್ನು ಬದಲಿಸಿ ಹೋಗಿದ್ದರು. ನಾನು ಆ ಪುಟಕ್ಕೆ ಸಹಿ ಮಾಡಿ, ಆ ತಾಯಿಯ ಮಂಚದ ತಲೆಭಾಗ ಎತ್ತರದಲ್ಲಿದೆಯೇ ಎಂದು ನೋಡಲು ಅವಳೊಂದಿಗೆ ವಾರ್ಡಿಗೆ ಹೋದೆ.